ತೊಂಬತ್ತೆರಡು

ಭರಮಸಾಗರ ದಾಟಿ ಒಂದೂವರೆ ಮೈಲಿ,
ಜಾಲಿಮರದ ಅರ್ಧ ನೆರಳಿನಲ್ಲಿ ನಾನು.
ಭುಜದ ಮೇಲೆ ರಾಡಾರ್ ಗನ್ನು.
ಹೆಸರಿಗೆ ಬಂದೂಕು, ಹಾರುವುದು ಮಾತ್ರ ಅಂಕಿ.
ಅವತ್ತು ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ
ಅದು ತೊಂಬತ್ತೆರಡು ಅಂದಿತು.
ನಾನು ತೊಂಬತ್ತೆರಡು ಅಂತ ಬರೆದೆ.
ಇಷ್ಟೇ ನನ್ನ ಸಾಕ್ಷಿ, ಸ್ವಾಮಿ.

ಇಷ್ಟೇ ಅಂದುಕೊಂಡು ದುರ್ಗದ ಕೋರ್ಟಿಗೆ
ಇಸ್ತ್ರಿ ಮಾಡಿದ ಖಾಕಿಯಲ್ಲಿ ಬಂದಿದ್ದೆ.

ವಕೀಲರು ಕಾತ್ಯಾಯಿನಿ. ಸಣ್ಣ ದನಿ.
ಗದರಲಿಲ್ಲ, ಮೇಜು ಗುದ್ದಲಿಲ್ಲ,
ಮಗ್ಗಿ ಒಪ್ಪಿಸಿಕೊಳ್ಳುವ ಟೀಚರಂತೆ ಕೇಳುತ್ತ ಹೋದರು.
"ಆಗ ರಸ್ತೆಯಲ್ಲಿ ಎಷ್ಟು ಗಾಡಿ?"
ಮೂರು. ಲಾರಿ, ಅದರ ಬಲಕ್ಕೊಂದು ಬಿಳಿ ಕಾರು,
ಹಿಂದೆ ಹುಬ್ಬಳ್ಳಿಯಿಂದ ಬಂದ ಬಸ್ಸು.
"ಈ ಅಂಕಿ ಇಂಥವನದೇ ಅಂತ
ಗನ್ನು ಬೆರಳು ಮಾಡಿ ತೋರಿಸುತ್ತದೆಯೆ?"
ಇಲ್ಲ. ಬೆರಳು ನನ್ನದು.

ಗಾಡಿ ಇಲ್ಲದ ಹೊತ್ತು ಏನೇನಕ್ಕೋ ಗುರಿ ಹಿಡಿದಿದ್ದೇನೆ:
ಸೈಕಲ್ಲಿನ ಅಂಚೆಯವನಿಗೆ ಹದಿನಾರು,
ಕುರಿಮಂದೆಯ ನಾಯಿಗೆ ಇಪ್ಪತ್ತೊಂದು,
ಕೆರೆ ಮೇಲಿನ ಕೊಕ್ಕರೆಗೆ ಏನೂ ಬರಲಿಲ್ಲ.
ಅದನ್ನು ಕೋರ್ಟು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

"ಲಾರಿಯಲ್ಲಿ ಏನಿತ್ತು?"
ಮಂಡಕ್ಕಿ.
ಕೋರ್ಟು ನಕ್ಕಿತು. ಬೆರಳಚ್ಚಿನಾಕೆಯೂ ನಕ್ಕಳು.
ದಾವಣಗೆರೆ ಭಟ್ಟಿಯ ಮಂಡಕ್ಕಿ, ಚೀಲದ ಮೇಲೆ ಚೀಲ,
ಮಹಡಿಮನೆಯ ಎತ್ತರ, ತೂಕ ಮಾತ್ರ
ಮದುವೆಮನೆಯ ಮಾತಿನಷ್ಟು.
ಗಾಳಿಫ್ಯಾನುಗಳ ಗುಡ್ಡದಿಂದ ಅಡ್ಡಗಾಳಿ ಬಂದರೆ
ಅಂಥ ಗಾಡಿ ಕುಡಿದವನ ಹಾಗೆ ತೂಗುತ್ತದೆ.
ಅದೂ ನಿಜ. ಒಪ್ಪಿಕೊಂಡೆ.

ಆಮೇಲೆ ರಿಜಿಸ್ಟರು ತೆಗೆದರು.
ದಿನಾ ಬೆಳಿಗ್ಗೆ ಒಂದು ಸಾಲು:
"ಶ್ರುತಿಕವೆಯಿಂದ ಪರೀಕ್ಷಿಸಿದೆ. ಸರಿ ಇದೆ."
ಕೆಳಗೆ ಸಹಿ, ಸಿರಿಯಣ್ಣ, ಹೆಡ್ ಕಾನ್‌ಸ್ಟೇಬಲ್.
"ಆ ಕವೆ ತೋರಿಸಿ."

ಗನ್ನಿನ ಪೆಟ್ಟಿಗೆಯಲ್ಲಿ ಅದಕ್ಕೊಂದು ಗುಳಿ ಇದೆ,
ಕಪ್ಪು ಸ್ಪಂಜಿನಲ್ಲಿ ಕವೆಯ ಆಕಾರದ್ದೇ ಗುಳಿ.
ಮೊದಲ ವರ್ಷ ಬೂಟಿನ ಹಿಮ್ಮಡಿಗೆ ತಟ್ಟಿ
ಗನ್ನಿನ ಮೂತಿಗೆ ಹಿಡಿಯುತ್ತಿದ್ದೆ. ಅದು ಗುಂಯ್ ಅಂದರೆ
ಇದು ಅರವತ್ತು ಅನ್ನಬೇಕು. ಅನ್ನುತ್ತಿತ್ತು.
ಒಂದು ದಿನ ಗುಳಿ ಮಾತ್ರ ಉಳಿಯಿತು.
ಅವತ್ತೂ ಬರೆದೆ, ಸರಿ ಇದೆ.
ಮರುದಿನವೂ. ಅಕ್ಷರ ದುಂಡಗೆ.
ಎರಡು ವರ್ಷ ನಾಲ್ಕು ತಿಂಗಳು
ಗುಳಿಯನ್ನೇ ತಟ್ಟಿ ಗುಳಿಯನ್ನೇ ಕೇಳಿದ್ದೇನೆ.

ಕವೆ ಇಲ್ಲ ಸ್ವಾಮಿ, ಅಂದೆ.
ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ವೇಗ ಯಾರೂ ಕೇಳಲಿಲ್ಲ.

ಚಾಲಕ ದಾದಾಪೀರನನ್ನು ಕೇಳಿದರು,
ನಿನ್ನ ಮೀಟರು ಎಷ್ಟು ತೋರಿಸುತ್ತಿತ್ತಪ್ಪ?
"ಮುಳ್ಳು ಸತ್ತು ಆರು ವರ್ಷ ಆತು ಸ್ವಾಮಿ."
ಮತ್ತೆ ನಿನಗೆ ಹೇಗೆ ಗೊತ್ತು?
"ತಾಡಪಾಲು ಹೇಳ್ತೈತಿ. ಐವತ್ತಕ್ಕೆ ಪಟಪಟ ಅಂತೈತಿ,
ಎಪ್ಪತ್ತಕ್ಕೆ ಒಂದೇ ಸಮ ಗುಂಯ್.
ತೊಂಬತ್ತರ ದನಿ ನಾನು ಕೇಳೇ ಇಲ್ಲ."
ನ್ಯಾಯಾಧೀಶರು ಪೆನ್ನು ಎತ್ತಿ ಹಿಡಿದು
ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

ಸಂಶಯದ ಲಾಭ. ಬಿಡುಗಡೆ.

ಹೊರಗೆ ಚಾದಂಗಡಿಯಲ್ಲಿ ಪಕ್ಕಪಕ್ಕ ನಿಂತೆವು.
ಎರಡು ಸಾವಿರದ ದಂಡಕ್ಕೆ ಒಂಬತ್ತು ವಾಯಿದೆ ಅಲೆದವನು,
ಒಂಬತ್ತು ದಿನದ ಬಾಡಿಗೆ ಬಿಟ್ಟವನು,
ಚಾ ಸಾಸರಿಗೆ ಸುರುವಿಕೊಂಡು ಮೆಲ್ಲಗೆ ಅಂದ:
"ಇಳಿಜಾರು ಸಾರ್. ಎಂಬತ್ತೈದು ಇದ್ರೂ ಇದ್ದೀತು.
ಆದ್ರ ತೊಂಬತ್ತೆರಡಲ್ಲ."

ಅಲ್ಲಿ ಮಿತಿ ಎಂಬತ್ತು. ಎಂಬತ್ತೈದಕ್ಕೂ ಅದೇ ದಂಡ.
ನಾನು ಹೇಳಲಿಲ್ಲ. ಅವನಿಗೂ ಗೊತ್ತು.
ಮೇಲಿನ ಏಳು ತನ್ನದಲ್ಲ, ಅಷ್ಟೆ.
ಚಾದ ದುಡ್ಡು ಅವನೇ ಕೊಟ್ಟ.

ಮರುದಿನ ಬೆಳಿಗ್ಗೆ ರಿಜಿಸ್ಟರಿನಲ್ಲಿ ಬರೆದೆ:
ಶ್ರುತಿಕವೆ ಇಲ್ಲ. ಪರೀಕ್ಷಿಸಿಲ್ಲ.
ಕೈ ನಡುಗಿ ಸಾಲು ಸೊಟ್ಟಗಾಯಿತು.
ಇನ್ಸ್‌ಪೆಕ್ಟರು ಕಣ್ಣಾಡಿಸಿ ಅಂದರು,
ಏನ್ರೀ ಸಿರಿಯಣ್ಣ,
ಇಷ್ಟು ದಿನ ಅಕ್ಷರ ಚೆನ್ನಾಗಿತ್ತಲ್ಲ.